ಗುಣವಾದ ಮೇಲೆ ಆಡುವ ಮಾತು

ಪತ್ರಿಕೆಯ ಈ ಪುಟದಲ್ಲಿ ಬರೆಯುವವನು ತನ್ನನ್ನು 'ನಾವು' ಎಂದು ಕರೆದುಕೊಳ್ಳುವುದು ಹಳೆಯ ಪದ್ಧತಿ. ನಾಡಿನ ನೀರು, ನಾಡಿನ ಗಡಿ, ನಾಡಿನ ನುಡಿ ಇವುಗಳ ವಿಷಯವನ್ನು ಎತ್ತಿದಾಗ ಆ ಬಹುವಚನವು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಬರೆಯುವವನ ಬೆನ್ನ ಹಿಂದೆ ಒಂದು ಜನಸ್ತೋಮವೇ ನಿಂತಿದೆಯೆಂಬ ಭಾವನೆಯನ್ನು ಹುಟ್ಟಿಸುತ್ತದೆ. ಇಂದು ನಾವು ಹೇಳಹೊರಟಿರುವುದಾದರೋ ನಮ್ಮ ಸ್ವಂತ ಕಾಯಿಲೆಯ ವೃತ್ತಾಂತ. ಇಲ್ಲಿ 'ನಾವು' ಎಂದು ಬರೆಯಲು ಲೇಖನಿಯು ಕೊಂಚ ನಾಚುತ್ತದೆ. ಆದರೂ ಪದ್ಧತಿಯನ್ನು ಬಿಡದೆಯೇ ಬರೆಯುತ್ತೇವೆ. ಈ ಬೇನೆಯನ್ನು ಉಂಡವರು ನಾವೊಬ್ಬರೇ ಅಲ್ಲವೆಂದು ನಮಗೆ ತಿಳಿದುಬಂದದ್ದೇ ನಮ್ಮ ಚೇತರಿಕೆಗೆ ಮೊದಲ ಮೆಟ್ಟಿಲಾಯಿತು.

2018ನೆಯ ಇಸವಿಯ ಮಳೆಗಾಲದಲ್ಲಿ ನಾವು ಹೊನ್ನಾಳಿಯಲ್ಲಿದ್ದೆವು. ತುಂಗಭದ್ರೆಯು ದಡವನ್ನು ತುಂಬಿ ಹರಿಯುವುದನ್ನು ನೋಡಲೆಂದು ಊರಿನ ಜನರೆಲ್ಲ ಹೊಳೆಯ ಕಡೆಗೆ ಹೋಗುತ್ತಿದ್ದಾಗ ನಾವು ಮನೆಯ ನಡುಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದೆವು. ಮನೆಯಲ್ಲಿ ಸಾವುನೋವುಗಳು ಸಂಭವಿಸಿರಲಿಲ್ಲ. ಸಾಲದವರು ಬಾಗಿಲು ತಟ್ಟುತ್ತಿರಲಿಲ್ಲ. ಇದೇ ನಮಗೆ ಹೆಚ್ಚಿನ ಲಜ್ಜೆಯ ಕಾರಣವಾಗಿತ್ತು. ದುಃಖಪಡುವುದಕ್ಕೆ ಹಕ್ಕುಳ್ಳವರು ಊರಲ್ಲಿ ಬೇಕಾದಷ್ಟು ಮಂದಿ ಇರುವಾಗ, ಉಂಡು ಉಡುವುದಕ್ಕೆ ಕೊರತೆಯಿಲ್ಲದ ನಾವು ಹೀಗೆ ಬಿದ್ದುಕೊಂಡಿರುವುದು ಯಾವ ನ್ಯಾಯ? ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಅನ್ನವು ಬಾಯಲ್ಲಿ ಮಣ್ಣಿನಂತೆ ತೋರುತ್ತಿತ್ತು. ಮೂವತ್ತು ವರ್ಷ ಕರಡು ತಿದ್ದಿದ ಕಣ್ಣು ನಾಲ್ಕು ಸಾಲನ್ನು ಓದುವಷ್ಟರಲ್ಲಿ ಮೊದಲನೆಯ ಸಾಲನ್ನು ಮರೆಯುತ್ತಿತ್ತು. ನಮ್ಮಿಂದ ಯಾರಿಗೂ ಪ್ರಯೋಜನವಿಲ್ಲ, ನಾವು ಇಲ್ಲವಾದರೆ ಮನೆಯವರಿಗೆ ಹಗುರವಾದೀತು ಎಂಬ ಯೋಚನೆಯು ಮೊದಮೊದಲು ನೆಂಟನಂತೆ ಎಂದೋ ಒಮ್ಮೆ ಬರುತ್ತಿದ್ದದ್ದು ಕ್ರಮೇಣ ಮನೆಯಲ್ಲೇ ಬೀಡುಬಿಟ್ಟಿತು. ಆ ಯೋಚನೆಯು ನಮ್ಮದಲ್ಲ, ರೋಗದ್ದು ಎಂದು ಹೇಳುವವರು ಅಂದು ಯಾರೂ ಇರಲಿಲ್ಲ.

ಸ್ನೇಹಿತರು ಬಂದರು. ಧೈರ್ಯ ತಂದುಕೊಳ್ಳಬೇಕೆಂದರು. ಎಷ್ಟೋ ಸಲ ಇದೇ ಪುಟದಲ್ಲಿ ನಾಡಿನ ತರುಣರಿಗೆ ಧೈರ್ಯವನ್ನು ಉಪದೇಶಿಸಿದ ಲೇಖನಗಳನ್ನು ನಾವೇ ಬರೆದಿದ್ದೆವಾದುದರಿಂದ, ಆ ಪದಾರ್ಥವನ್ನು ಎಲ್ಲಿಂದ ತರಬೇಕೆಂದು ಅವರನ್ನು ಕೇಳಲು ನಮಗೆ ಬಾಯಿ ಬರಲಿಲ್ಲ. ಕಾಲು ಮುರಿದವನಿಗೆ ಎದ್ದು ನಡೆ ಎಂದು ಯಾರೂ ಹೇಳುವುದಿಲ್ಲ. ಮುರಿದದ್ದು ಮನಸ್ಸಾದರೆ ಮಾತ್ರ ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ದುರುದ್ದೇಶವಿರುವುದಿಲ್ಲವೆಂಬುದನ್ನು ಒಪ್ಪಲೇಬೇಕು. ಅವರಿಗೆ ಬೇರೆ ಮಾತು ಗೊತ್ತಿಲ್ಲ, ಅಷ್ಟೆ.

ಕೊನೆಗೆ ನಮ್ಮ ಚಿಕ್ಕಮ್ಮನವರು ಒಂದು ಅಮಾವಾಸ್ಯೆಯಂದು ನಮ್ಮನ್ನು ಉಕ್ಕಡಗಾತ್ರಿಗೆ ಕರೆದುಕೊಂಡು ಹೋದರು. ಹರಿಹರ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಈ ಕ್ಷೇತ್ರವನ್ನೂ ಅಲ್ಲಿಯ ಕರಿಬಸವೇಶ್ವರರ ಗದ್ದುಗೆಯನ್ನೂ ಮಧ್ಯ ಕರ್ನಾಟಕದಲ್ಲಿ ಅರಿಯದವರಿಲ್ಲ. ಗಾಳಿ ಸೋಕಿದವರು, ದೆವ್ವ ಹಿಡಿದವರು ಎಂದು ಮನೆಯವರು ತಿಳಿದವರನ್ನೆಲ್ಲ ತಲೆತಲಾಂತರದಿಂದ ಇಲ್ಲಿಗೆ ಕರೆತರುವ ವಾಡಿಕೆಯುಂಟು. ಜನರು ಭಕ್ತಿಯಿಂದ 'ಅಜ್ಜಯ್ಯ' ಎನ್ನುತ್ತಾರೆ. ನಾವು ಯೌವನದಲ್ಲಿ ಇಂಥ ನಂಬಿಕೆಗಳನ್ನು ಹಾಸ್ಯಮಾಡಿ ಬರೆದದ್ದುಂಟು. ಅಂದು ಮಾತ್ರ ಹಾಸ್ಯಮಾಡುವ ಶಕ್ತಿಯೂ ಇರಲಿಲ್ಲ, ನಂಬುವ ಶಕ್ತಿಯೂ ಇರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದೆವು.

ನಮ್ಮ ಪಕ್ಕದಲ್ಲಿ ಜಗಳೂರು ಸೀಮೆಯ ಒಬ್ಬ ಮುದುಕಿಯು ತನ್ನ ಮಗನೊಡನೆ ಕುಳಿತು ಬುತ್ತಿ ಬಿಚ್ಚುತ್ತಿದ್ದಳು. ನಮ್ಮನ್ನು ಸ್ವಲ್ಪ ಹೊತ್ತು ನೋಡಿ, "ಯಾಕಪ್ಪಾ, ನಿದ್ದಿ ಮಾಡ್ದೋರ ಮುಖ ಅಲ್ಲ ಇದು" ಎಂದಳು. ನಾವು ಉತ್ತರ ಕೊಡಲಿಲ್ಲ. ಆಕೆಯು ಮಗನ ಕಡೆಗೆ ಕೈ ತೋರಿಸಿ, "ಇವಂಗೂ ಹಿಂಗೇ ಆಗಿತ್ತು, ಇದಕ್ಕಿಂತ ಜಾಸ್ತಿನೇ. ಆರು ವರ್ಷ ಹೊಲದ ಕಡೀಗೆ ಕಾಲಿಡ್ಲಿಲ್ಲ. ಯಾರೋ ಕೂಗ್ತಾರೆ ಅಂತಿದ್ದ, ರಾತ್ರೆಲ್ಲಾ ಎದ್ದು ಕುಂತಿರ್ತಿದ್ದ" ಎಂದಳು. ಮಗನು ರೊಟ್ಟಿಯನ್ನು ಮುರಿದು ತಾಯಿಗೆ ಕೊಟ್ಟು, ತಾನೂ ತಿನ್ನುತ್ತ, ಇದು ತನ್ನ ಕಥೆಯೇ ಅಲ್ಲವೆಂಬಂತೆ ಹೊಳೆಯನ್ನು ನೋಡುತ್ತಿದ್ದನು. "ಹಾಗಾದರೆ ಅಜ್ಜಯ್ಯನಿಂದಲೇ ವಾಸಿಯಾಯಿತೇ, ತಾಯೀ?" ಎಂದು ಕೇಳಿದೆವು. ಅನೇಕ ವಾರಗಳ ಮೇಲೆ ನಾವಾಗಿ ಒಬ್ಬರನ್ನು ಕೇಳಿದ ಮೊದಲ ಪ್ರಶ್ನೆ ಅದು. ಆಕೆ ನಕ್ಕಳು. "ಅಜ್ಜಯ್ಯನೂ ಕೈ ಬಿಡ್ಲಿಲ್ಲ, ನಾನು ಗುಳಿಗೀನೂ ಬಿಡ್ಸಲಿಲ್ಲ. ನಮ್ಮೂರ ಆಶಾ ಹುಡುಗಿ ಮನೀಗೆ ಬಂದು ಬಂದು ದವಾಖಾನಿಗೆ ಕರ್ಕಂಡು ಹೋದ್ಲು. ಹರಕೆ ಹೊತ್ತಿದ್ದೆ, ತೀರಿಸಾಕೆ ಬಂದೀವಿ. ಚೀಟಿ ಸೆರಗ್ನಾಗೇ ಐತಿ ನೋಡು" ಎಂದು ಸೆರಗಿನ ಗಂಟನ್ನು ಬಿಚ್ಚಿ, ಬೆವರಿನಿಂದ ಮೆತ್ತಗಾಗಿದ್ದ ಆಸ್ಪತ್ರೆಯ ಚೀಟಿಯನ್ನು ತೋರಿಸಿದಳು.

ನಮಗೆ ಅಂದು ದೊರೆತ ಪ್ರಸಾದವೆಂದರೆ ಇದೇ. ಹಿಂದಿರುಗುವ ಬಸ್ಸಿನಲ್ಲಿ ಚಿಕ್ಕಮ್ಮನವರೇ, "ನಾಳೆ ಡಾಕ್ಟರ ಹತ್ತಿರ ಹೋಗೋಣವೇನೋ?" ಎಂದು ಕೇಳಿದರು.

ನಮ್ಮನ್ನು ಪರೀಕ್ಷಿಸಿದ ಮನೋವೈದ್ಯರು ಹೇಳಿದ್ದು ಬಹಳ ಸರಳವಾದ ಸಂಗತಿ. ಇದರ ಹೆಸರು ಖಿನ್ನತೆ, ಇದು ಚಾರಿತ್ರ್ಯದ ದೋಷವಲ್ಲ, ರೋಗ, ಇದಕ್ಕೆ ಔಷಧವುಂಟು, ಗುಳಿಗೆ ನುಂಗಿದ ದಿನವೇ ಗುಣ ಕಾಣದು, ಎರಡರಿಂದ ನಾಲ್ಕು ವಾರಗಳಾದರೂ ಹಿಡಿಯುತ್ತದೆ, ಗುಣವಾದ ಮೇಲೂ ಆರೆಂಟು ತಿಂಗಳ ಕಾಲ ನಿಲ್ಲಿಸಕೂಡದು, ಇದು ಚಟ ಹಿಡಿಸುವ ಔಷಧವಲ್ಲ. ಔಷಧದ ಜೊತೆಗೆ ವಾರಕ್ಕೊಮ್ಮೆ ಬಂದು ಮಾತನಾಡಬೇಕು, ದಿನವೂ ಹೊತ್ತಿಗೆ ಸರಿಯಾಗಿ ಎದ್ದು ಅರ್ಧ ಗಂಟೆ ನಡೆಯಬೇಕು, ಮನಸ್ಸು ಬಂದರೂ ಬಾರದಿದ್ದರೂ.

ವಾಚಕರು ಇಲ್ಲಿ ಒಂದು ಅದ್ಭುತವನ್ನು ನಿರೀಕ್ಷಿಸಬಾರದು. ಮೋಡ ಸರಿದು ಸೂರ್ಯ ಮೂಡಿದಂತೆ ನಮಗೆ ಯಾವುದೂ ಆಗಲಿಲ್ಲ. ಮೊದಲ ವಾರ ಬಾಯಿ ಒಣಗಿತು, ಹೊಟ್ಟೆ ತೊಳಸಿತು. ಎರಡನೆಯ ವಾರದಲ್ಲಿ ಒಂದು ರಾತ್ರಿ ಐದು ಗಂಟೆಯವರೆಗೆ ನಿದ್ದೆ ಬಂತು. ನಾಲ್ಕನೆಯ ವಾರ ಊಟಕ್ಕೆ ಕುಳಿತಾಗ ಸಾರಿಗೆ ಉಪ್ಪು ಸಾಲದೆಂದು ನಾವು ಗೊಣಗಿದೆವು. ಬಡಿಸುತ್ತಿದ್ದ ನಮ್ಮ ಮನೆಯವರು ಸಿಟ್ಟಾಗುವುದರ ಬದಲು ಅಡಿಗೆಮನೆಗೆ ಹೋಗಿ ಕಣ್ಣೊರಸಿಕೊಂಡು ಬಂದರು. ಸಾರಿನ ರುಚಿ ತಿಳಿಯುವ ಮನುಷ್ಯ ಮನೆಗೆ ಮರಳಿದ್ದಾನೆಂಬುದು ನಮಗಿಂತ ಮೊದಲು ಅವರಿಗೆ ಗೊತ್ತಾಯಿತು.

ಆಮೇಲೆ ನಾವು ಮಾಡಿದ ಅವಿವೇಕವನ್ನೂ ಮುಚ್ಚಿಡದೆ ಹೇಳಬೇಕು. ನಾಲ್ಕನೆಯ ತಿಂಗಳಲ್ಲಿ, ಇನ್ನು ಗುಣವಾಯಿತಲ್ಲ ಎಂದು ಯಾರನ್ನೂ ಕೇಳದೆ ಗುಳಿಗೆಯನ್ನು ನಿಲ್ಲಿಸಿದೆವು. ನಲವತ್ತು ದಿನಗಳೊಳಗೆ ಮತ್ತೆ ಅದೇ ನಡುಕೋಣೆ, ಅದೇ ಗೋಡೆ. ಎರಡನೆಯ ಸಲ ಬೀಳುವುದು ಮೊದಲನೆಯದಕ್ಕಿಂತ ಭಯಂಕರ, ಏಕೆಂದರೆ ಮೊದಲಿನ ಚೇತರಿಕೆಯೇ ಸುಳ್ಳೆಂದು ತೋರಿಬಿಡುತ್ತದೆ. ಈ ಸಲ ಪುಣ್ಯವಶಾತ್ ದಾರಿ ಗೊತ್ತಿತ್ತು. ಮತ್ತೆ ಪ್ರಾರಂಭಿಸಿ, ವೈದ್ಯರು ಸಾಕೆನ್ನುವವರೆಗೂ ಬಿಡಲಿಲ್ಲ. ಎರಡು ವರ್ಷ ಹಿಡಿಯಿತು.

ನಮ್ಮ ಕಥೆ ಇಷ್ಟೇ. ಇದನ್ನು ಇಷ್ಟು ಬಿಚ್ಚಿ ಹೇಳಿದ್ದರ ಉದ್ದೇಶವೆಂದರೆ ಆ ಮುದುಕಿಯ ಸೆರಗಿನ ಚೀಟಿಯು ಅಲ್ಲಿಗೆ ಬಂದುದು ಹೇಗೆಂಬುದನ್ನು ವಾಚಕರ ಮುಂದಿಡುವುದು. ಅದು ಆಕಾಶದಿಂದ ಉದುರಲಿಲ್ಲ. ಬೆಂಗಳೂರಿನಲ್ಲಿ ಹಿಂದಿನ ಮೈಸೂರು ಸರಕಾರದ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆಯಿತು. 1954ರಲ್ಲಿ ಅದಕ್ಕೆ ಹೊಂದಿಕೊಂಡು ಅಖಿಲ ಭಾರತ ಮಟ್ಟದ ಶಿಕ್ಷಣ ಸಂಸ್ಥೆಯು ಹುಟ್ಟಿತು. 1974ರಲ್ಲಿ ಎರಡೂ ಸೇರಿ ಇಂದು ಜಗತ್ತೇ ಬಲ್ಲ ನಿಮ್ಹಾನ್ಸ್ ಆಯಿತು. ಆದರೆ ಬೆಂಗಳೂರಿನ ಸಂಸ್ಥೆ ಎಷ್ಟು ದೊಡ್ಡದಾದರೇನು, ಜಗಳೂರಿನ ಹೊಲದಿಂದ ಅಲ್ಲಿಗೆ ಹೋಗಬಲ್ಲವರು ಎಷ್ಟು ಮಂದಿ? ವೈದ್ಯವು ರೋಗಿಯ ಬಳಿಗೆ ನಡೆದುಹೋಗಬೇಕೆಂಬ ವಿಚಾರವು ಅಲ್ಲಿಯ ವೈದ್ಯರಿಗೇ ಹೊಳೆದು, 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಅಸ್ತಿತ್ವಕ್ಕೆ ಬಂದ ಮೇಲೆ, ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಯಿಸಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಮದ್ದು ಕೊಡಬಹುದೆಂದು ಬಳ್ಳಾರಿ ತೋರಿಸಿತು. 1996ರಿಂದ ದೇಶದ ಜಿಲ್ಲೆಗಳಿಗೆ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಕನ್ನಡ ಜಿಲ್ಲೆಯೇ. ಹಂಪೆಯ ಕಲ್ಲುಗಳ ಬಗ್ಗೆ ಹೆಮ್ಮೆಪಡುವ ನಾವು ಇದರ ಬಗ್ಗೆಯೂ ಸ್ವಲ್ಪ ಹೆಮ್ಮೆಪಡಬಹುದು.

ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 2005ರಿಂದ ನಿಮ್ಹಾನ್ಸಿನವರು ಸ್ಕಿಜೋಫ್ರೀನಿಯಾ ಎಂಬ ತೀವ್ರ ಚಿತ್ತವಿಕಲತೆಯುಳ್ಳವರನ್ನು ಹಳ್ಳಿಹಳ್ಳಿಗಳಲ್ಲಿ ಗುರುತಿಸಿ, ಮನೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡಿಸಿ ಅಧ್ಯಯನ ನಡೆಸಿದರು. ವರ್ಷಗಟ್ಟಲೆ ಮದ್ದೇ ಕಾಣದವರು ಕೂಡ ಚಿಕಿತ್ಸೆ ದೊರೆತಾಗ ದಿನನಿತ್ಯದ ಬಾಳಿಗೆ ಮರಳುವುದರಲ್ಲಿ ಸ್ಪಷ್ಟವಾದ ಸುಧಾರಣೆ ತೋರಿದರು. ತಡವಾಯಿತೆಂದು ಕೈಚೆಲ್ಲುವ ಮನೆಗಳು ಇದನ್ನು ತಿಳಿಯಬೇಕು.

ಇನ್ನು ದಾವಣಗೆರೆ ಜಿಲ್ಲೆಯ ಮಾತು. ಈ ಜಿಲ್ಲೆಯು 1997ರಲ್ಲಿ ಹುಟ್ಟಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾಯಿತು. ಒಂದೇ ಜಿಲ್ಲೆಯಾದರೂ ಒಂದೇ ನೆಲವಲ್ಲ. ಚನ್ನಗಿರಿಯೆಂದರೆ ಸೂಳೆಕೆರೆಯ ನೀರು, ಅಡಿಕೆಯ ತೋಟ. ಹೊನ್ನಾಳಿ ನ್ಯಾಮತಿಗಳಿಗೆ ಹೊಳೆಯೂ ಭದ್ರಾ ನಾಲೆಯೂ ಉಂಟು. ಜಗಳೂರಾದರೋ ಮುಗಿಲ ಕಡೆಗೆ ಮುಖವೆತ್ತಿ ಬಾಳುವ ಬೆದ್ದಲು ಸೀಮೆ. ರೋಗಕ್ಕೆ ಈ ತಾರತಮ್ಯವಿಲ್ಲ. ತೋಟದ ಒಡೆಯನ ಮನೆಯಲ್ಲೂ ಅದೇ ಪಿಸುಮಾತು, ಗುಡಿಸಲಿನಲ್ಲೂ ಅದೇ ಪಿಸುಮಾತು. ವ್ಯತ್ಯಾಸವಿರುವುದು ಬಸ್ಸಿನ ಖರ್ಚಿನಲ್ಲಿ. ತೀವ್ರ ರೋಗಿಯೊಬ್ಬನನ್ನು ದಾವಣಗೆರೆಗೆ ಕರೆದೊಯ್ಯಬೇಕಾದರೆ ಜೊತೆಗೆ ಇಬ್ಬರು ಹೋಗಬೇಕು; ಮೂವರ ಒಂದು ದಿನದ ಕೂಲಿ ಹೋಯಿತು, ಮೂವರ ಬಸ್ಸಿನ ಖರ್ಚು ಹೋಯಿತು. ಎರಡು ಸಲ ಹೋದವರು ಮೂರನೆಯ ಸಲ ಹೋಗದಿದ್ದರೆ ಅದನ್ನು ಅಜ್ಞಾನವೆನ್ನುವುದು ಅನ್ಯಾಯ.

ಈ ಕೊರತೆಯನ್ನು ಕಂಡೇ 2016ರಿಂದ ಈ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಕೆಲಸ ಪ್ರಾರಂಭವಾಯಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ಅಂಗವಿಕಲರ ಸೇವೆಯಲ್ಲಿ ಹೆಸರಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಂಬ ಸಂಸ್ಥೆಯ ಜೊತೆ ಸೇರಿ, ಚಿತ್ರನಟಿ ದೀಪಿಕಾ ಪಡುಕೋಣೆಯವರ ಲಿವ್ ಲವ್ ಲಾಫ್ ಪ್ರತಿಷ್ಠಾನವು ಇದನ್ನು ಕೈಗೊಂಡಿತು. ಆಕೆಯೇ 2015ರಲ್ಲಿ, ತಾನು ಖಿನ್ನತೆಯಿಂದ ನರಳಿದ್ದೆನೆಂದು ದೇಶದ ಮುಂದೆ ಬಾಯಿಬಿಟ್ಟು ಹೇಳಿದ ಕರಾವಳಿ ಮೂಲದ ಹೆಣ್ಣುಮಗಳು. ಸಿನಿಮಾದವರ ಮಾತಿಗೆ ನಾವು ಸಾಮಾನ್ಯವಾಗಿ ಹೆಚ್ಚು ಬೆಲೆ ಕೊಡುವವರಲ್ಲ. ಈ ವಿಷಯದಲ್ಲಿ ಕೊಡುತ್ತೇವೆ. ಮನೆಮನೆಗೆ ಹೋಗಿ ರೋಗಿಗಳನ್ನು ಗುರುತಿಸುವುದು, ಆಸ್ಪತ್ರೆಗೆ ಕರೆತರುವುದು, ಬೆಲೆಯಿಲ್ಲದೆ ಗುಳಿಗೆ ದೊರಕಿಸುವುದು, ನೋಡಿಕೊಳ್ಳುವವರ ಕೂಟಗಳನ್ನು ಕಟ್ಟುವುದು, ಗುಣ ಹೊಂದಿದವರಿಗೆ ಪಿಂಚಣಿ ಮತ್ತು ಜೀವನೋಪಾಯದ ದಾರಿ ತೋರಿಸುವುದು, ಹೀಗೆ ಅದರ ಕೆಲಸ. ಇದರಲ್ಲಿ ಹೆಚ್ಚಿನ ಭಾರವನ್ನು ಹೊತ್ತವರು ಊರೂರಿನ ಆಶಾ ಕಾರ್ಯಕರ್ತೆಯರು. ಬಸುರಿ ಬಾಣಂತಿಯರ ಲೆಕ್ಕವಿಡಲು ಮನೆಗಳನ್ನು ಹೊಕ್ಕು ಹೊರಡುವ ಈ ಹೆಂಗಸರಿಗೆ, ಯಾವ ಮನೆಯ ಹಿಂದಿನ ಕೋಣೆಯ ಬಾಗಿಲು ಹೊರಗಿನಿಂದ ಚಿಲಕ ಹಾಕಿದೆಯೆಂಬುದು ಮೊದಲೇ ಗೊತ್ತಿರುತ್ತದೆ.

ಚಿಲಕದ ಮಾತು ಬಂತು. ಸರಪಳಿಯ ಮಾತನ್ನೂ ಆಡಿಬಿಡೋಣ. 2001ನೆಯ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿಯ ಖಾಸಗಿ ವಸತಿಯೊಂದರಲ್ಲಿ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದ 28 ಮಂದಿ ಮನೋರೋಗಿಗಳು ಓಡಲಾರದೆ ಬೆಂದುಹೋದರು. ತರುವಾಯ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಮನೋರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಂಧಿಸಕೂಡದೆಂದು ವಿಧಿಸಿದೆ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ಅಪರಾಧಿಯೆಂದು ಎಣಿಸದೆ ತೀವ್ರ ಸಂಕಟದಲ್ಲಿರುವವನೆಂದು ಭಾವಿಸಬೇಕೆಂದೂ ಅದು ಹೇಳುತ್ತದೆ. ಬ್ರಿಟಿಷರ ಕಾಲದ ದಂಡಸಂಹಿತೆಯ 309ನೆಯ ವಿಧಿಯು 2024ರ ಜುಲೈ 1ರಿಂದ ಅಳಿದುಹೋಯಿತು. ಪರದೇಶದವರು ಬಿಟ್ಟುಹೋದ ಒಂದು ಕ್ರೌರ್ಯವನ್ನು ಕೈಬಿಡಲು ಸ್ವತಂತ್ರ ದೇಶಕ್ಕೆ ಇಷ್ಟು ವರ್ಷ ಬೇಕಾಯಿತೆಂಬುದು ಬೇರೆ ಮಾತು.

ಕಾಯಿದೆಯ 18ನೆಯ ವಿಧಿಯ ಕಡೆಗೆ ನಾವು ಸರಕಾರದ ಗಮನವನ್ನು ವಿಶೇಷವಾಗಿ ಸೆಳೆಯಬಯಸುತ್ತೇವೆ. ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರಕಾರಿ ಆಸ್ಪತ್ರೆಗಳಲ್ಲಿಯೂ ಮನೋರೋಗದ ಅವಶ್ಯಕ ಔಷಧಗಳು ಎಲ್ಲ ಕಾಲದಲ್ಲಿಯೂ ಬೆಲೆಯಿಲ್ಲದೆ ದೊರೆಯತಕ್ಕದ್ದೆಂದು ಅದು ಸಾರುತ್ತದೆ. 'ಎಲ್ಲ ಕಾಲದಲ್ಲಿಯೂ' ಎಂಬ ಮಾತನ್ನು ಗಮನಿಸಬೇಕು. ನಮ್ಮ ರಾಜ್ಯದಲ್ಲಿ ಮನೋಚೈತನ್ಯವೆಂಬ ಹೆಸರಿನ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಾಯಿತು; ಅದು ಸ್ತುತ್ಯರ್ಹವೇ. ಆದರೆ ಒಂದು ಮಂಗಳವಾರ ಒಂದು ತಾಲೂಕು ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ, "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಎಂಬ ಉತ್ತರವನ್ನು ನಾವೇ ಕೇಳಿದ್ದೇವೆ. ನಮ್ಮ ಜೇಬಿನಲ್ಲಿ ಹಣವಿತ್ತು, ಎದುರಿನ ಅಂಗಡಿಯಲ್ಲಿ ಕೊಂಡೆವು. ನಮ್ಮ ಹಿಂದೆ ನಿಂತಿದ್ದ ಹೆಂಗಸು ಸುಮ್ಮನೆ ಹಿಂದಿರುಗಿದಳು. ಕೆಮ್ಮಿನ ಔಷಧ ಒಂದು ವಾರ ತಪ್ಪಿದರೆ ಕೆಮ್ಮು ಒಂದು ವಾರ ಹೆಚ್ಚಾದೀತು. ಈ ಔಷಧ ತಪ್ಪಿದರೆ ಏನಾಗುತ್ತದೆಂಬುದನ್ನು ನಾವು ನಮ್ಮ ಮೈಯಿಂದಲೇ ಅರಿತಿದ್ದೇವೆ. ನಮ್ಮದು ನಮ್ಮ ತಪ್ಪಿನಿಂದ ತಪ್ಪಿತು, ಆಕೆಯದು ಯಾರ ತಪ್ಪಿನಿಂದ? 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಒಂದಲ್ಲ ಒಂದು ಮನೋರೋಗದಿಂದ ನರಳುತ್ತಿರುವುದನ್ನು ಕಂಡಿತು. ಅವರಲ್ಲಿ ಚಿಕಿತ್ಸೆ ದೊರೆಯದೆ ಉಳಿದವರು, ರೋಗಕ್ಕೆ ತಕ್ಕಂತೆ, ನೂರಕ್ಕೆ 70ರಿಂದ 92. ಚಿಕಿತ್ಸೆಗೆ ಬಂದ ಕೆಲವೇ ಮಂದಿಯನ್ನೂ ಔಷಧವಿಲ್ಲವೆಂದು ಹಿಂದಕ್ಕೆ ಕಳುಹಿಸಿದರೆ ಭಾಷಣಗಳಿಂದ ಫಲವೇನು?

ಸರಕಾರವನ್ನಷ್ಟೇ ದೂರಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ತ್ರಿವೇಣಿಯವರ 'ಶರಪಂಜರ'ವನ್ನು ಕನ್ನಡಿಗರು ಓದಿದ್ದಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದಾಗ ನೋಡಿ ಅತ್ತಿದ್ದಾರೆ. ಅಲ್ಲಿಯ ಹೆಣ್ಣು ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ. ಅವಳನ್ನು ಮತ್ತೆ ಕೆಡಹುವುದು ರೋಗವಲ್ಲ. ಮನೆಯವರ ಸಂಶಯ, ನೆರೆಯವರ ನೋಟ. ಅತ್ತವರು ತಮ್ಮ ಬೀದಿಯ ಅಂಥ ಹೆಣ್ಣಿಗೆ ಕೆಲಸ ಕೊಟ್ಟರೇ, ಅವಳ ಮನೆಯ ಹೆಣ್ಣನ್ನು ತಂದುಕೊಂಡರೇ ಎಂದು ಕೇಳಿದರೆ ಉತ್ತರ ಕಷ್ಟ. ನಾವು ಗುಣವಾಗಿ ಪೇಟೆಗೆ ಹೋದ ಮೊದಲ ದಿನ, ಹಳೆಯ ಪರಿಚಯದ ಅಂಗಡಿಯವರೊಬ್ಬರು ನಮ್ಮೊಡನೆ ಮಕ್ಕಳೊಡನೆ ಮಾತನಾಡುವಂತೆ ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತನಾಡಿದರು. ಮತ್ತೊಬ್ಬರು, ಎಲೆ ಅಡಿಕೆ ಮಾರುವವರು, "ಬಹಳ ದಿನ ಆಯ್ತಲ್ಲ ಸ್ವಾಮೀ, ಹಳೇ ಬಾಕಿ ಎಂಟು ರೂಪಾಯಿ ಐತೆ" ಎಂದರು. ಎರಡನೆಯವರಿಗೆ ನಾವು ಇಂದಿಗೂ ಕೃತಜ್ಞರು.

ಆಸ್ಪತ್ರೆಗೆ ಹೋಗಲು ಇನ್ನೂ ಮನಸ್ಸು ಬಾರದವರಿಗೆ 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯುಂಟು. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಕರೆದರೂ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗುವವರು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ.

ನಮ್ಮ ಗುಳಿಗೆ ನಿಂತು ವರ್ಷಗಳಾದರೂ, ಮಂಗಳವಾರ ಬಿಡುವಾದಾಗ ನಾವು ಆಸ್ಪತ್ರೆಯ ಆ ಬೆಂಚಿನ ಮೇಲೆ ಹೋಗಿ ಕುಳಿತು ಬರುವುದುಂಟು. ಈಚೆಗೆ ಒಂದು ದಿನ ನ್ಯಾಮತಿಯ ಕಡೆಯ ತರುಣನೊಬ್ಬನು ತಲೆಯ ಮೇಲೆ ಟವಲು ಹೊದ್ದು ತಂದೆಯ ಪಕ್ಕದಲ್ಲಿ ಕುಳಿತಿದ್ದನು. ತಂದೆಯು ಚೀಟಿಯನ್ನು ತಿರುವಿ ಮುರುವಿ ನೋಡುತ್ತಿದ್ದರು. ನಾವು ನಮ್ಮ ಹಳೆಯ ಚೀಟಿಯನ್ನು ತೆಗೆದು ತೋರಿಸಿದೆವು. ಅದನ್ನು ಇನ್ನೂ ಜೇಬಿನಲ್ಲೇ ಇಟ್ಟುಕೊಂಡಿದ್ದೇವೆ. ತರುಣನು ಅದರ ಮೇಲಿನ ತಾರೀಖುಗಳನ್ನು ಒಂದೊಂದಾಗಿ ಓದಿದನು. ಬಹಳ ಹೊತ್ತಿನ ಮೇಲೆ, ತಲೆಯೆತ್ತದೆ, "ನಿದ್ದೆ ಬರ್ತದಾ, ಸಾರ್?" ಎಂದು ಕೇಳಿದನು.

"ಬರ್ತದಪ್ಪಾ. ನಮಗೆ ಎರಡನೇ ವಾರದಲ್ಲಿ ಬಂತು" ಎಂದೆವು.

ಅಷ್ಟರಲ್ಲಿ ಒಳಗಿನಿಂದ ಅವನ ನಂಬರನ್ನು ಕೂಗಿದರು. ಅವನು ಟವಲನ್ನು ಹೆಗಲಿಗೆ ಹಾಕಿಕೊಂಡು ಎದ್ದನು.